ನಲವತ್ತೊಂದು ಶ್ರೀಕಾರ

ಸಂಕ್ರಾಂತಿ ಕಳೆದು ಹತ್ತು ದಿನವಾಗಿದ್ದರೂ ಆ ಶನಿವಾರ ಬೆಳಿಗ್ಗೆ ಚಳಿ ಬಿಟ್ಟಿರಲಿಲ್ಲ. ಮಳೆಯೂ ಅಲ್ಲದ, ಮಂಜೂ ಅಲ್ಲದ ಒಂದು ತೇವ ಆಕಾಶದಿಂದ ಇಳಿದು ಚಂದ್ರಾ ಲೇಔಟಿನ ಹೊಂಗೆ ಎಲೆಗಳ ಮೇಲೆ, ಸ್ಕೂಟರ್ ಸೀಟುಗಳ ಮೇಲೆ, ದರ್ಶಿನಿಯ ಮುಂದಿನ ಸ್ಟೀಲು ಮೇಜುಗಳ ಮೇಲೆ ಕೂತುಬಿಟ್ಟಿತ್ತು. ಸೂರ್ಯ ಎದ್ದಿದ್ದಾನೋ ಇಲ್ಲವೋ ಎಂಬುದು ಗಡಿಯಾರ ನೋಡಿದವರಿಗಷ್ಟೇ ಗೊತ್ತು. ಆರ್‌ಪಿಸಿ ಲೇಔಟಿನ ಮನೆಯಿಂದ ಮಫ್ಲರ್ ಸುತ್ತಿಕೊಂಡು ಹೊರಟ ಕೊಟ್ರೇಶ್ ಕಾಲೆಳೆಯುತ್ತಾ ನಡೆಯುತ್ತಿದ್ದ. ಐದು ಗಂಟೆಗೇ ಎದ್ದು ಲಿಂಗಪೂಜೆಗೆ ಕೂತಿದ್ದನೇನೋ ನಿಜ. ಆದರೆ ಅಂಗೈಯ ಲಿಂಗ ನೋಡುತ್ತಾ ನೋಡುತ್ತಾ ಮನಸ್ಸು ನಿಲ್ಲುವ ಬದಲು ನಿದ್ದೆಗೆ ಜಾರಿತ್ತು. ಈಚೆಗೆ ಹಾಗೇ ಆಗುತ್ತಿತ್ತು. ಶಿವ ಬೈಯುವುದಿಲ್ಲ, ಅವನಿಗೂ ಗೊತ್ತಿದೆ ಎಂದುಕೊಂಡು ವಿಭೂತಿ ಹಚ್ಚಿಕೊಂಡು ಎದ್ದುಬಂದಿದ್ದ.

ಕರುಣಾದೃಷ್ಟಿ ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಮ್ಯಾನೇಜರ್. ಅಲ್ಲಿ ಪೊರೆ ಬಂದ ಕಣ್ಣಿಗೆ ಪುಕ್ಕಟೆ ಆಪರೇಷನ್. ಆರು ವಾರಕ್ಕೊಮ್ಮೆ ದೂರದಿಂದ ಡಾಕ್ಟರು ಬರುತ್ತಾರೆ, ಒಂದು ದಿನದಲ್ಲಿ ಹದಿನೆಂಟು ಕಣ್ಣು ಮುಗಿಸಿ ಹೋಗುತ್ತಾರೆ. ಹೆಸರು ಬರೆಸಿದವರು ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಕಾಗದ ನೋಡಿ ಕಣ್ಣು ಕೊಡಬಾರದು ಎಂದು ಟ್ರಸ್ಟು ಕಟ್ಟಿದ ಹಿರಿಯರು ಹೇಳಿ ಹೋಗಿದ್ದರು. ಹಾಗಾಗಿ ಆಧಾರ್ ನಂಬರ್ ಇದ್ದವರು ಬರೆಸುತ್ತಿದ್ದರು, ಇಲ್ಲದವರನ್ನು ಯಾರೂ ವಾಪಸ್ಸು ಕಳಿಸುತ್ತಿರಲಿಲ್ಲ.

ಗೇಟಿನ ಬಳಿ ಬರುವಷ್ಟರಲ್ಲಿ ಒಬ್ಬಳು ಅವನನ್ನು ಅಡ್ಡಗಟ್ಟಿದಳು. ಅವಳ ಹಿಂದೆ ಮೆಟ್ಟಿಲ ಮೇಲೆ ಕಂಬಳಿ ಹೊದ್ದ ಮುದುಕಿ.

"ಏನ್ ಸಾರ್ ಇದು, ನಮ್ಮಮ್ಮನ ಹೆಸ್ರೇ ಇಲ್ವಂತೆ ಲಿಸ್ಟಲ್ಲಿ. ಏಳು ತಿಂಗ್ಳಾಯ್ತು ಬರ್ಸಿ. ಇವತ್ತೇ ಬನ್ನಿ ಅಂತ ಚೀಟಿ ಕೊಟ್ಟಿದ್ದು ನೀವು ತಾನೆ? ನಾನು ರಜ ಹಾಕಿ ಬಂದಿದೀನಿ. ರಜ ಕೇಳಿದ್ರೆ ನಮ್ ಸೂಪರ್‌ವೈಸರ್ ಮುಖ ಹೆಂಗಾಗುತ್ತೆ, ಬಂದು ನೋಡಿ ಒಂದ್ಸಲ."

ಚೀಟಿಯ ಮೇಲಿದ್ದದ್ದು ಅವನದೇ ಅಕ್ಷರ. ಬೋರಮ್ಮ, ಸುಂಕದಕಟ್ಟೆ, ಬಲಗಣ್ಣು, ಇವತ್ತಿನ ತಾರೀಖು.

"ಲತಾ, ಸುಮ್ನಿರೇ," ಮುದುಕಿ ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು. ನೋಡುವ ಮುಖವಲ್ಲ ಅದು, ಕೇಳುವ ಮುಖ. "ಸ್ವಾಮಿ, ನಾನು ಊದುಬತ್ತಿ ಹೊಸೆಯೋ ಬೋರಮ್ಮ. ಗ್ಯಾಪ್ಕ ಐತಾ?"

ನೆನಪಿತ್ತು. ನಲವತ್ತು ವರ್ಷ ಮಾಗಡಿ ರಸ್ತೆಯ ಬದಿಯ ಒಂದು ಕೋಣೆಯಲ್ಲಿ ಊದುಬತ್ತಿ ಹೊಸೆದು ಮಕ್ಕಳನ್ನು ಸಾಕಿದವಳು. ಊರಿನ ದೇವರಿಗೆಲ್ಲ ಹೊಗೆ ಹಾಕಿದ್ದಕ್ಕೆ ನನ್ನ ಕಣ್ಣಿಗೇ ಹೊಗೆ ತುಂಬಿಸಿದ ಶಿವ ನೋಡಿ ಅಂತ ಕಳೆದ ಸಲ ನಕ್ಕಿದ್ದಳು. ಎಡಗಣ್ಣಿನಲ್ಲಿ ನೆರಳು ಮಾತ್ರ. ಬಲಗಣ್ಣಿನ ಪೊರೆ ಪೂರಾ ಬಲಿತಿದೆ, ಇನ್ನೂ ತಡಮಾಡಿದರೆ ಒಳಗೆ ಒತ್ತಡ ಏರಿ ಇರುವ ಬೆಳಕೂ ಹೋಗುತ್ತದೆ ಎಂದು ಡಾಕ್ಟರು ಅವಳ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಇವತ್ತು ತಪ್ಪಿದರೆ ಮುಂದಿನ ಸರದಿ ಆರು ವಾರಕ್ಕೆ.

"ಒಳಗ್ ಬನ್ನಿ, ನೋಡೋಣ," ಎಂದ ಕೊಟ್ರೇಶ್.

ಆಫೀಸು ಕೋಣೆಯಲ್ಲಿ ಬಿಂದುಶ್ರೀ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಳು. ಬಸವೇಶ್ವರನಗರದ ಹುಡುಗಿ, ವಾರವೆಲ್ಲ ಕಂಪನಿಯಲ್ಲಿ ದುಡಿದು ಶನಿವಾರ, ಭಾನುವಾರ ಇಲ್ಲಿ ಸೇವೆ ಅಂತ ಬರುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಗುರುಬಸಪ್ಪನವರು ಲೋಟದಲ್ಲಿ ಬಿಸಿನೀರು ಹಿಡಿದು ಕೈ ಕಾಯಿಸಿಕೊಳ್ಳುತ್ತಿದ್ದರು. ದಾವಣಗೆರೆ ಕಡೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ವಯಸ್ಸು ಎಂಬತ್ತು. ಆಸ್ಪತ್ರೆಯ ಹಳೇ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದ್ದು ಅವರ ಮೇಲ್ವಿಚಾರಣೆಯಲ್ಲೇ. ಹೊಸ ಹೆಸರು ಬಂದರೂ ಅವರೇ ನಿಂತು ತುಂಬಿಸುತ್ತಿದ್ದರು.

"ಬಿಂದು, ಬೋರಮ್ಮ ಅಂತ ಹುಡುಕಮ್ಮ."

ಹುಡುಕಿದಳು. ಬೋರಮ್ಮ ಇರಲಿಲ್ಲ. ಸುಂಕದಕಟ್ಟೆ ಅಂತ ಹುಡುಕಿದಳು, ಬೇರೆ ಏಳು ಜನ ಬಂದರು. ಹೋದ ವಾರದ ಪಟ್ಟಿಯ ಪ್ರಿಂಟು ತೆಗೆದು ನೋಡಿದರೆ ಅದರಲ್ಲಿ ಬೋರಮ್ಮ ಮೊದಲನೆಯವಳು. ಇವತ್ತಿನ ಪಟ್ಟಿಯಲ್ಲಿ ಮೊದಲನೆಯವನು ಮರಿಯಪ್ಪ, ಕೆಂಗೇರಿ.

ಬಿಂದುಶ್ರೀ ಮರಿಯಪ್ಪನ ಸಾಲನ್ನು ಪೂರ್ತಿ ಬಿಡಿಸಿದಳು. ಆಮೇಲೆ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

"ಸಾರ್, ಭಾನುವಾರ ನಾನು ಫೋನ್ ಮಾಡಿದ್ನಲ್ಲ. ಒಂದೇ ನಂಬರಲ್ಲಿ ನಲವತ್ತೊಂದು ಸಾಲಿದೆ, ಸೇರಿಸ್ಲಾ ಅಂತ."

"ಹೂಂ."

"ಆ ನಂಬರು ಇದು."

ಆಧಾರ್ ನಂಬರಿನ ಕಾಲಂನಲ್ಲಿ ಒಂದೇ ಒಂದು ಅಕ್ಷರವಿತ್ತು. ಶ್ರೀ.

ಆಗಿದ್ದೇನೆಂದರೆ ಇಷ್ಟು. ಕೆಲವರು ಕೆಂಗೇರಿ ಕ್ಯಾಂಪಿನಲ್ಲೊಮ್ಮೆ, ಸುಂಕದಕಟ್ಟೆ ಕ್ಯಾಂಪಿನಲ್ಲೊಮ್ಮೆ ಹೆಸರು ಬರೆಸಿ ಎರಡೆರಡು ಸರದಿ ಹಿಡಿದುಕೊಳ್ಳುತ್ತಿದ್ದರು. ಅದನ್ನು ತಪ್ಪಿಸಲು, ಒಂದು ಆಧಾರ್ ನಂಬರಿಗೆ ಒಂದೇ ಸಾಲು ಇರಬೇಕು, ಎರಡನೆಯದನ್ನು ಕಂಪ್ಯೂಟರೇ ಒಪ್ಪಬಾರದು ಎಂದು ಟ್ರಸ್ಟಿನವರು ತೀರ್ಮಾನಿಸಿದರು. ಬಿಂದುಶ್ರೀ ಆ ನಿಯಮ ಹಾಕಲು ಕೂತಳು. ಹಾಕುವ ಮೊದಲು, ಈಗಾಗಲೇ ಎರಡೆರಡಾಗಿರುವ ಸಾಲುಗಳನ್ನು ಒಂದು ಮಾಡಬೇಕಿತ್ತು. ಹೆಸರು, ವಿಳಾಸ ಹೊಸದನ್ನು ಇಟ್ಟುಕೋ, ಬರೆಸಿದ ತಾರೀಖು ಮಾತ್ರ ಹಳೆಯದನ್ನೇ ಇಡು, ಪಾಪ, ಮೊದಲು ಬಂದವರಿಗೆ ಅನ್ಯಾಯ ಆಗಬಾರದು ಎಂದು ಹೇಳಿಕೊಟ್ಟವನು ಕೊಟ್ರೇಶನೇ. ಭಾನುವಾರ ಅವಳ ಫೋನು ಬಂದಾಗ ಅವನು ರಾಜಾಜಿನಗರದಲ್ಲಿ ನೆಂಟರ ಗೃಹಪ್ರವೇಶದ ಪಂಕ್ತಿಯಲ್ಲಿದ್ದ. ಮೂರು ದಿನದ ಓಡಾಟದ ಸುಸ್ತು, ಸುತ್ತ ಗದ್ದಲ, ಎಲೆಯ ಮೇಲೆ ಅನ್ನ ಬಿದ್ದಿತ್ತು. ಯಾವ ನಂಬರು ಎಂದು ಕೇಳಲಿಲ್ಲ. "ಒಂದೇ ನಂಬರ್ ಅಂದ್ಮೇಲೆ ಒಬ್ರೇ ತಾನೇಮ್ಮ, ಸೇರ್ಸು," ಎಂದು ಫೋನಿಟ್ಟು ಸಾರಿಗೆ ಕೈಯೊಡ್ಡಿದ್ದ.

"ನಾನೂ ಬಿಡಿಸಿ ನೋಡ್ಲಿಲ್ಲ ಸಾರ್," ಬಿಂದುಶ್ರೀ ಮೆಲ್ಲಗೆ ಹೇಳಿದಳು. "ಎಣಿಕೆ ಮಾತ್ರ ನೋಡ್ದೆ."

ಕೊಟ್ರೇಶ್ ಗುರುಬಸಪ್ಪನವರ ಕಡೆ ತಿರುಗಿದ. "ಅಜ್ಜಾರೇ, ನಂಬರ್ ಇಲ್ದೋರಿಗೆಲ್ಲ ಶ್ರೀ ಬರ್ಸಿದ್ದು ನೀವಾ?"

"ಹೌದಪ್ಪಾ." ಅವರಿಗೆ ಅದರಲ್ಲಿ ಕೇಳುವಂಥದ್ದೇನಿದೆ ಎಂದೇ ತಿಳಿಯಲಿಲ್ಲ. "ಮತ್ತೇನು ಖಾಲಿ ಬಿಡ್ತಾರೇನು? ನಲವತ್ತು ವರ್ಷ ರಿಜಿಸ್ಟರ್ ಬರ್ದೀನಿ, ಒಂದು ಕಾಲಂ ಖಾಲಿ ಬಿಟ್ಟೋನಲ್ಲ. ಖಾಲಿ ಬಿಟ್ರೆ ನಾಳೆ ಯಾರು ಬೇಕಾದ್ರೂ ಏನು ಬೇಕಾದ್ರೂ ಗೀಚ್ತಾರೆ."

"ಇಲ್ಲ ಅಂತ ಬರ್ಸಬೋದಿತ್ತಲ್ಲ ತಾತ," ಎಂದಳು ಬಿಂದುಶ್ರೀ.

"ದವಾಖಾನಿ ಪುಸ್ತಕದಾಗ, ಮನುಷ್ಯನ ಹೆಸರಿನ ಮುಂದ, ಇಲ್ಲ ಅಂತ ಬರೀತಾರೇನವ್ವಾ? ಮನಿಯಾಗ ಅಕ್ಕಿ ಮುಗಿದ್ರೆ ನಿಮ್ಮವ್ವ ಏನಂತಾಳೆ?"

"ಅಕ್ಕಿ ಹೆಚ್ಚಿದೆ ಅಂತಾರೆ."

"ಮತ್ತೆ? ದೀಪ ಆರಿಸು ಅಂತೀವೇನು? ದೊಡ್ಡದು ಮಾಡು ಅಂತೀವಿ. ಅದಕ್ಕ ಶ್ರೀ ಬರ್ಸಿದೆ. ಇಲ್ಲದ ಕಡೆ ಶಿವ ಇದ್ದಾನು ಅಂತ." ಲೋಟ ಕೆಳಗಿಟ್ಟರು. ಇಬ್ಬರ ಮುಖ ನೋಡಿ ಅವರ ದನಿ ತಗ್ಗಿತು. "ತಪ್ಪಾತೇನು?"

ಮನುಷ್ಯರು ಓದುವ ಪುಸ್ತಕವಾಗಿದ್ದರೆ ಅದು ಸರಿಯೇ ಇತ್ತು. ಓದಿದವರು ಶ್ರೀ ನೋಡಿ, ಇವರಿಗೆ ನಂಬರಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು. ಕಂಪ್ಯೂಟರಿಗೆ ಅದು ಒಂದು ನಂಬರು. ನಲವತ್ತೊಂದು ಜನರಿಗೆ ಒಂದೇ ನಂಬರು. ಆದ್ದರಿಂದ ನಲವತ್ತೊಂದು ಜನ ಒಬ್ಬನಾಗಿ, ಎಲ್ಲರಿಗಿಂತ ಕೊನೆಗೆ ಬರೆಸಿದ ಮರಿಯಪ್ಪನ ಹೆಸರೂ, ಎಲ್ಲರಿಗಿಂತ ಮೊದಲು ಬರೆಸಿದ ಬೋರಮ್ಮನ ತಾರೀಖೂ ಸೇರಿ ಒಂದೇ ಸಾಲು ಉಳಿದಿತ್ತು. ಮಿಕ್ಕವರ ಸರದಿ ಇನ್ನೂ ದೂರವಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ.

ಆಪರೇಷನ್ ಕೋಣೆಗೆ ಅಂತಿಮ ಪಟ್ಟಿ ಹೋಗುವುದು ಹತ್ತು ಗಂಟೆಗೆ. ಗೋಡೆಯ ಗಡಿಯಾರದಲ್ಲಿ ಎಂಟೂವರೆ.

"ಕಾಪಿ ಇದೆಯಾ?"

"ಸೇರಿಸೋ ಮುಂಚೆ ತೆಗೆದಿಟ್ಟಿದ್ದು ಇದೆ ಸಾರ್. ನಲವತ್ತೊಂದೂ ವಾಪಸ್ ತರ್ತೀನಿ. ಶ್ರೀ ತೆಗೆದು ಖಾಲಿ ಮಾಡಿಬಿಟ್ರೆ ಆಯ್ತು. ಖಾಲಿಗೆ ಈ ನಿಯಮ ತಾಗಲ್ಲ."

ಅವಳು ಕೆಲಸಕ್ಕೆ ತೊಡಗಿದಳು. ಕೊಟ್ರೇಶ್ ಎದ್ದು ಹೋಗಿ ಬೋರಮ್ಮನನ್ನು ಒಳಗಿನ ಬೆಂಚಿನ ಮೇಲೆ ಕೂರಿಸಿದ. ತಪ್ಪು ನಮ್ಮದೇ, ಸರಿಮಾಡುತ್ತಿದ್ದೇವೆ ಎಂದು ಲತಾಗೆ ಹೇಳಿದ. "ಮಾಡಿ ಸಾರ್, ಬೇಗ ಮಾಡಿ. ಅಮ್ಮ ಬೆಳಿಗ್ಗೆಯಿಂದ ಒಂದು ಗುಟುಕು ಕಾಫಿ ಕುಡ್ದಿಲ್ಲ," ಎಂದಳು ಅವಳು. ವಾಪಸ್ಸು ಬರುವಾಗ ಗೋಡೆ ಹಿಡಿದು ಒಂದು ಗಳಿಗೆ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟು ಬೆಳಿಗ್ಗೆಗಳು ಬಂದವೋ. ಪ್ರತಿಸಲವೂ ಇದೇ ಕೊನೆಯದು ಅನ್ನಿಸಿತ್ತು.

ಆಫೀಸಿಗೆ ಬಂದರೆ ಬಿಂದುಶ್ರೀ ಹಣೆ ಒತ್ತಿಕೊಂಡು ಕೂತಿದ್ದಳು.

"ಒಂದು ಖಾಲಿ ತಗೊಳ್ತು ಸಾರ್. ಎರಡನೇದು ತಗೊಳ್ತಾ ಇಲ್ಲ. ಖಾಲಿ ಆಗ್ಲೇ ಒಂದಿದೆ ಅಂತಿದೆ."

"ತಾಗಲ್ಲ ಅಂದ್ಯಲ್ಲಮ್ಮ."

"ನಮ್ ಆಫೀಸಿನ ಡೇಟಾಬೇಸಲ್ಲಿ ತಾಗಲ್ಲ. ಅಲ್ಲಿ ಖಾಲಿ ಅಂದ್ರೆ ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ದೇ ಇರೋದನ್ನ, ಇನ್ನೊಂದು ಗೊತ್ತಿಲ್ದೇ ಇರೋದಕ್ಕೆ ಸಮ ಅಂತ ಹೆಂಗ್ ಹೇಳೋದು? ಅದಕ್ಕೆ ಎಷ್ಟು ಖಾಲಿ ಇದ್ರೂ ಬಿಡುತ್ತೆ. ಇಲ್ಲಿರೋದು ಬೇರೆ ಕಂಪನಿದು. ಇದು ಖಾಲಿಯನ್ನೂ ಒಂದು ನಂಬರ್ ಥರಾನೇ ನೋಡುತ್ತೆ. ಒಂದೇ ಒಂದು ಖಾಲಿ ಬಿಡುತ್ತೆ, ಅಷ್ಟೇ. ನಾನು ಮನೇಲಿ ಟೆಸ್ಟ್ ಮಾಡಿದ್ದು ನಮ್ ಆಫೀಸಿನ ಥರದ್ರಲ್ಲಿ. ಇದರಲ್ಲಿ ಮಾಡ್ಲಿಲ್ಲ."

"ಅದೂ ಸರೀನೇ ಅಲ್ಲೇನೋ ತಮ್ಮಾ," ಎಂದರು ಗುರುಬಸಪ್ಪನವರು ತಮ್ಮಷ್ಟಕ್ಕೆ. "ಬಯಲು ಅನ್ನೋದು ಎಲ್ಲಾ ಒಂದೇ."

ಕೊಟ್ರೇಶ್ ಕುರ್ಚಿ ಎಳೆದು ಕೂತ. ಪೂಜೆಗೆ ಕೂತಾಗ ಅವನೂ ಆ ಬಯಲನ್ನೇ ಹುಡುಕುವವನು. ಎಲ್ಲ ಕರಗಿ ಒಂದಾಗಲಿ ಎಂದು ದಿನಾ ಬೇಡುವವನು. ಆದರೆ ಪರದೆಯ ಮೇಲೆ ಸಾಲಾಗಿ ವಾಪಸ್ಸು ಬಂದಿದ್ದ ಹೆಸರುಗಳನ್ನು ನೋಡುತ್ತಿದ್ದ ಹಾಗೆ ಒಬ್ಬೊಬ್ಬರ ಮುಖವೂ ಎದುರು ಬಂತು. ಬೋರಮ್ಮನ ಆಧಾರ್ ಕಾರ್ಡು ದೊಡ್ಡ ಮಗನ ಬೀರುವಿನಲ್ಲಿತ್ತು. ಅವನು ಕೊಡುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ. ಲಕ್ಷ್ಮವ್ವನದು ರಾಜಕಾಲುವೆ ನೀರು ಮನೆಗೆ ನುಗ್ಗಿದ ರಾತ್ರಿ ತೇಲಿಹೋಗಿತ್ತು. ಈರಪ್ಪ ತನ್ನದನ್ನು ಎಲ್ಲಿಟ್ಟನೆಂದು ಮರೆತಿದ್ದ. ಮರೆತದ್ದು ಅದೊಂದೇ ಅಲ್ಲ, ಹೆಂಡತಿ ತೀರಿಕೊಂಡಿದ್ದನ್ನೂ ಆಗಾಗ ಮರೆಯುತ್ತಿದ್ದ.

"ಬಯಲು ಒಂದೇ ಇರ್ಬೋದು ಅಜ್ಜಾರೇ," ಎಂದ. "ಇವರಿಗೆ ಇಲ್ಲದಿರೋದು ಒಂದೇ ಥರ ಅಲ್ಲ. ಬಿಂದು, ನಂಬರ್ ಇದ್ದೋರಿಗೆ ಮಾತ್ರ ನಿಯಮ, ಇಲ್ದೋರ ತಂಟೆಗೆ ಹೋಗ್ಬೇಡ ಅಂತ ಅದಕ್ಕೆ ಹೇಳೋಕೆ ಬರುತ್ತಾ?"

ಅವಳು ತಲೆಯೆತ್ತಿದಳು. "ಬರುತ್ತೆ ಸಾರ್. ನಂಬರ್ ಇರೋ ಸಾಲುಗಳಿಗೆ ಮಾತ್ರ ಅಂತ ಷರತ್ತು ಹಾಕ್ಬೋದು. ಆದ್ರೆ ನಂಬರ್ ಇಲ್ದೋರು ಎರಡು ಸಲ ಬರ್ಸಿದ್ರೆ ಗೊತ್ತಾಗಲ್ಲ."

"ಅವರನ್ನ ನಾನು ಮುಖ ನೋಡಿ ತಿಳ್ಕೋತೀನಿ."

"ನೀವು ಇಲ್ದಾಗ?"

"ಇರೋವಾಗ ತಿಳ್ಕೋತೀನಿ. ಹಾಕಮ್ಮ."

ಹಳೇ ನಿಯಮ ತೆಗೆದು ಹೊಸ ಷರತ್ತಿನೊಂದಿಗೆ ಹಾಕಿದಳು. ಈ ಸಲ ಅವಸರ ಮಾಡಲಿಲ್ಲ. ಒಂದೊಂದೇ ಶ್ರೀ ಅಳಿಸಿ, ಒಂದೊಂದೇ ಹೆಸರನ್ನು ಹಳೇ ಪ್ರಿಂಟಿನ ಜೊತೆ ಕೊಟ್ರೇಶನಿಂದ ಓದಿಸಿ ತಾಳೆ ನೋಡಿದಳು. ನಲವತ್ತೊಂದೂ ಕೂತವು. ಇರುವ ನಂಬರೊಂದನ್ನು ಬೇಕೆಂದೇ ಎರಡನೇ ಸಲ ಹಾಕಿ ನೋಡಿದಳು, ಒಪ್ಪಲಿಲ್ಲ. ಗುರುಬಸಪ್ಪನವರು ಖಾಲಿಯಾದ ಆ ಕಾಲಂ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಒಂಬತ್ತೂ ಐವತ್ತಕ್ಕೆ ಹೊಸ ಪಟ್ಟಿ ಪ್ರಿಂಟಾಗಿ ಹೊರಬಂತು. ಮೊದಲ ಹೆಸರು ಬೋರಮ್ಮ. ಮರಿಯಪ್ಪ ನೂರ ಹದಿಮೂರನೆಯವನು.

ಕೊಟ್ರೇಶ್ ಪಟ್ಟಿ ಹಿಡಿದು ಮಹಡಿ ಹತ್ತಿದ. ಆಪರೇಷನ್ ಕೋಣೆಯ ಬಾಗಿಲಲ್ಲಿ ಕಲ್ಯಾಣಮ್ಮ ಸಿಸ್ಟರ್ ಅದನ್ನು ನೋಡಿ ಕನ್ನಡಕ ಹಣೆಗೇರಿಸಿದರು.

"ಈಗ ತಂದ್ರಾ? ನಿನ್ನೆಯ ಪಟ್ಟಿ ನೋಡಿ ಮರಿಯಪ್ಪಂಗೆ ಏಳೂಕಾಲಿಗೇ ಒಂದನೇ ನಂಬರ್ ಕಾರ್ಡ್ ಕೊಟ್ಟು ಕೂರ್ಸಿದೀನಿ. ಬಲಗಣ್ಣಿಗೆ ಮೂರು ಸಲ ಡ್ರಾಪ್ಸ್ ಹಾಕಾಯ್ತು."

"ಒಬ್ಬರು ಹೆಚ್ಚಾದ್ರೆ?"

"ಹದಿನೆಂಟು ಅಂದ್ರೆ ಹದಿನೆಂಟೇ. ಡಾಕ್ಟ್ರಿಗೆ ಮೂರು ಗಂಟೆಗೆ ರೈಲು." ದನಿ ತಗ್ಗಿಸಿದರು. "ಕೊಟ್ಟ ಕಾರ್ಡು ಕಿತ್ಕೊಳ್ಳೋ ಪದ್ಧತಿ ಇಲ್ಲಿಲ್ಲ ಕೊಟ್ರೇಶ್. ನಿಮಗೆ ನಾನು ಹೇಳ್ಬೇಕಾ? ಪ್ರಸಾದ ಕೈಗೆ ಹಾಕಿ ಆಮೇಲೆ ವಾಪಸ್ ಕೇಳ್ತೀವಾ?"

ಹೇಳಬೇಕಾಗಿರಲಿಲ್ಲ. ಕಂಪ್ಯೂಟರು ಸರಿಯಾಗಿತ್ತು, ಕಾಗದ ಸರಿಯಾಗಿತ್ತು. ಕೆಳಗೆ ಬೆಂಚಿನ ಮೇಲೆ ಕೂತವಳಿಗೆ ಮಾತ್ರ ಏನೂ ಸರಿಯಾಗಿರಲಿಲ್ಲ.

ಅವನು ಬೋರಮ್ಮನನ್ನೂ ಲತಾಳನ್ನೂ ಮೇಲಕ್ಕೆ ಕರೆತಂದು ಕೂರಿಸಿದ. ಕೆಳಗೇ ಬಿಟ್ಟಿರಲು ಮನಸ್ಸು ಬರಲಿಲ್ಲ. ಎದುರು ಬೆಂಚಿನ ತುದಿಯಲ್ಲಿ ಮರಿಯಪ್ಪ. ಕೆಂಗೇರಿ ಆಚೆಯ ಹಳೇ ಊರಿನವನು, ಅರವತ್ತೈದರ ಆಸುಪಾಸು. ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳು. ತಲೆಗೆ ಹಸಿರು ಟೋಪಿ, ಬಲಹುಬ್ಬಿನ ಮೇಲೆ ಗುರುತಿಗೆ ಅಂಟಿಸಿದ ಬಿಳಿ ಪಟ್ಟಿ, ತೊಡೆಯ ಮೇಲೆ ಕಾರ್ಡು. ಕೊಟ್ರೇಶ್ ಅವನ ಪಕ್ಕದಲ್ಲಿ ಕೂತು, ಆದದ್ದನ್ನು ಒಂದೂ ಬಿಡದೆ ಹೇಳಿದ. ತಾನು ಊಟದ ಎಲೆಯ ಮುಂದೆ ಕೂತು ಹೇಳಿದ ಮಾತನ್ನೂ ಸೇರಿಸಿ.

ಮರಿಯಪ್ಪ ಕಾರ್ಡನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡ. "ನಾನಾಗಿ ಬಂದೋನಲ್ಲ ಸ್ವಾಮಿ. ಫೋನ್ ಮಾಡಿ ಕರೆದ್ರಿ, ಬಂದೆ."

"ಹೌದು."

"ಕರೆದು, ಎಲೆ ಹಾಕಿ, ಈಗ ಏಳು ಅಂತೀರಾ?"

"ಅನ್ನಲ್ಲ. ನಿಮಗೆ ಗೊತ್ತಿರ್ಲಿ ಅಂತ ಹೇಳ್ದೆ. ಕಾರ್ಡು ನಿಮ್ಮ ಕೈಲಿದೆ, ಯಾರೂ ಕಿತ್ಕೊಳ್ಳಲ್ಲ."

"ಕಿತ್ಕೊಂಡಿದ್ರೆ ಚೆನ್ನಾಗಿತ್ತು. ಜಗಳ ಆಡ್ಬೋದಿತ್ತು." ಮರಿಯಪ್ಪ ಗೋಡೆಗೆ ತಲೆಯಾನಿಸಿದ. "ಬರ್ಸುವಾಗ ಅಕ್ಟೋಬರ್ ಆಗುತ್ತೆ ಅಂದಿದ್ರು. ಮೊನ್ನೆ ಫೋನ್ ಬಂದಾಗ್ಲೇ ಅನ್ಕೊಂಡೆ, ಇದೇನಪ್ಪ, ನಮ್ಮಪ್ಪ ಯಾವ ಕಾಲದಲ್ಲಿ ಮಾಡಿದ ಪುಣ್ಯ ಅಂತ."

ಎದುರುಗಡೆ ಲತಾ ಗೊಣಗುತ್ತಿದ್ದಳು. "ಈಗ ನಮ್ಮ ಸರದಿ ಇನ್ನೊಬ್ಬರ ಕಣ್ಣಿಗೆ. ನೀನು ಹೀಗೇ ಸುಮ್ನೆ ಕೂತಿರು. ಅಣ್ಣನ ಹತ್ರ ಆಧಾರ್ ಕಾರ್ಡ್ ಕೇಳೇ ಅಂದ್ರೂ ಕೇಳಲ್ಲ, ಇಲ್ಲೂ ಕೇಳಲ್ಲ."

"ಅವರ್ದೂ ಕಣ್ಣೇ ಕಣೇ," ಎಂದಳು ಬೋರಮ್ಮ. "ಕಲ್ಲಾ ಅದು? ಬಾಯ್ಮುಚ್ಕೊ ನೀನು."

ಮರಿಯಪ್ಪ ಆ ಕಡೆ ತಿರುಗಿದ. ಡ್ರಾಪ್ಸ್ ಹಾಕಿದ ಕಣ್ಣು ನೀರಾಡುತ್ತಿತ್ತು; ಇನ್ನೊಂದನ್ನು ಕಿರಿದು ಮಾಡಿ ನೋಡಿದ. "ಯಾವಾಗ ಬರ್ಸಿದ್ದು ತಾಯಿ?"

"ಆಷಾಢದಾಗೆ, ಯಜಮಾನ್ರೇ."

"ಈಗ ಎಷ್ಟು ಕಾಣುತ್ತೆ?"

"ಎದುರಿಗೆ ಯಾರೋ ಅವ್ರೆ ಅಂತ ಕಾಣ್ತದೆ. ನೀವೋ ಕಂಬವೋ, ಮಾತಾಡಿದ್ಮ್ಯಾಲೆ ತಿಳೀತು."

ಬೆಂಚಿನ ಮೇಲಿದ್ದ ಒಂದಿಬ್ಬರು ನಕ್ಕರು. ಮರಿಯಪ್ಪನೂ ಮೂಗಿನಲ್ಲೇ ನಕ್ಕ. ಕೊಟ್ರೇಶ್ ಅವನ ಮುಖ ನೋಡದೆ ನೆಲ ನೋಡುತ್ತಾ ಕೂತಿದ್ದ. ಏನನ್ನೂ ಬೇಡಲಿಲ್ಲ, ಶಿವನನ್ನೂ. ಬೇಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

"ನಂಗೆ ಎಡಗಣ್ಣು ಬಸ್ಸಿನ ನಂಬರ್ ಓದುತ್ತೆ," ಎಂದ ಮರಿಯಪ್ಪ, ಯಾರಿಗೆ ಹೇಳಿದನೋ. "ಮನೇಲಿ ಕೇಳಿದ್ರೆ ಡಾಕ್ಟ್ರು ಇನ್ನೂ ಬಲಿತಿಲ್ಲ ಅಂದ್ರು ಅಂತ ಹೇಳ್ಬೇಕಾಯ್ತದೆ. ಇಲ್ದಿದ್ರೆ ನನ್ನ ಮಗ ಇಲ್ಲಿಗೇ ಬಂದು ನಿಮ್ಮ ಕಂಪ್ಯೂಟ್ರು ಒಡೆದು ಹಾಕ್ತಾನೆ."

ಹುಬ್ಬಿನ ಮೇಲಿನ ಪಟ್ಟಿಯನ್ನು ಉಗುರಿನಲ್ಲಿ ಎಬ್ಬಿಸಿ ಕಿತ್ತ. ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಎದ್ದು ನಾಲ್ಕು ಹೆಜ್ಜೆ ತಡವರಿಸಿ ಹೋಗಿ, ಬೋರಮ್ಮನ ಕೈಯನ್ನು ಹುಡುಕಿ ಹಿಡಿದು, ಊದುಬತ್ತಿಯ ಕಪ್ಪು ಇಂಗಿದ ಆ ಅಂಗೈಯೊಳಗೆ ಕಾರ್ಡನ್ನಿಟ್ಟು ಬೆರಳುಗಳನ್ನು ಮಡಿಸಿದ.

"ಹಿಡ್ಕೊಳ್ಳಿ ತಾಯಿ. ನಿಮ್ದು ಇದು," ಎಂದು ಮೆಲ್ಲಗೆ ಹೇಳಿ, ತನ್ನ ಚಪ್ಪಲಿ ಎಲ್ಲಿದೆಯೆಂದು ತಡಕಲು ಬಾಗಿದ.